ಮೆದುಳಿಗೆ ಹಾನಿಯಾದ ನಂತರದ ಆರು ತಿಂಗಳು: ಅರ್ಜಿದಾರರ ಮತ್ತು ಕುಟುಂಬದವರ ಗಮನಕ್ಕೆ

ಪಾರ್ಶ್ವವಾಯುವಿನಿಂದ (ರೂಢಿಯ ಮಾತಿನಲ್ಲಿ ಲಕ್ವ) ಅಥವಾ ಅಪಘಾತದಲ್ಲಿ ತಲೆಗೆ ಬಿದ್ದ ಪೆಟ್ಟಿನಿಂದ ಕೈಕಾಲುಗಳ ಸ್ವಾಧೀನ ಕಳೆದುಕೊಂಡವರ ಅಥವಾ ಮಾತು ನಿಂತುಹೋದವರ ಕುಟುಂಬದವರು ಅಂಗವಿಕಲತೆಯ ಪ್ರಮಾಣಪತ್ರಕ್ಕಾಗಿ ಅರ್ಜಿ ಸಲ್ಲಿಸಲು ಮುಂದಾದಾಗ, ಅನೇಕ ಸಂದರ್ಭಗಳಲ್ಲಿ "ಆರು ತಿಂಗಳು ಕಳೆಯಲಿ, ಆಮೇಲೆ ಬನ್ನಿ" ಎಂಬ ಉತ್ತರ ದೊರೆಯುತ್ತದೆ. ಅಂಕೋಲಾ ತಾಲ್ಲೂಕಿನ ಒಳಗಿನ ಹಳ್ಳಿಯಿಂದ ರೋಗಿಯನ್ನು ಬಾಡಿಗೆ ವಾಹನದಲ್ಲಿ ಮಲಗಿಸಿಕೊಂಡು ಕಾರವಾರದವರೆಗೆ ಬಂದವರಿಗೆ ಈ ಮಾತಿನಿಂದ ಬೇಸರವಾಗುವುದು ಸಹಜ. ಇದನ್ನು ಕಚೇರಿಯ ವಿಳಂಬವೆಂದೋ, ಅರ್ಜಿಯನ್ನು ಸಾಗಹಾಕುವ ಉಪಾಯವೆಂದೋ ತಿಳಿಯುವವರೂ ಇದ್ದಾರೆ. ವಾಸ್ತವದಲ್ಲಿ ಈ ಕಾಲಾವಧಿಗೆ ಮೆದುಳಿನ ಸ್ವಭಾವಕ್ಕೆ ಸಂಬಂಧಿಸಿದ ಒಂದು ಕಾರಣವಿದೆ. ಆ ಕಾರಣವನ್ನೂ, ಈ ಅವಧಿಯಲ್ಲಿ ಮನೆಯವರು ಮಾಡಬೇಕಾದ ಕೆಲಸವನ್ನೂ ಇಲ್ಲಿ ವಿವರಿಸಲಾಗಿದೆ.

ನಿಯಮ ಏನು ಹೇಳುತ್ತದೆ

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016 ದಿನಾಂಕ 19-04-2017 ರಿಂದ ಜಾರಿಗೆ ಬಂದಿದ್ದು, ಅದರ ಅನುಸೂಚಿಯಲ್ಲಿ 21 ಬಗೆಯ ಅಂಗವಿಕಲತೆಗಳನ್ನು ಗುರುತಿಸಲಾಗಿದೆ. "ಮೆದುಳಿನ ಹಾನಿ" ಎಂಬ ಪ್ರತ್ಯೇಕ ವರ್ಗ ಅದರಲ್ಲಿಲ್ಲ. ಹಾನಿಯ ಪರಿಣಾಮ ಯಾವ ಸಾಮರ್ಥ್ಯದ ಮೇಲೆ ಆಗಿದೆಯೋ ಆ ವರ್ಗದಡಿ ಮೌಲ್ಯಮಾಪನ ನಡೆಯುತ್ತದೆ. ಕೈಕಾಲುಗಳ ದೌರ್ಬಲ್ಯವು ಚಲನಾಂಗ ವೈಕಲ್ಯದಡಿ ಬರುತ್ತದೆ. ಮಾತು ಮತ್ತು ಭಾಷೆಯ ವೈಕಲ್ಯದ ವ್ಯಾಖ್ಯೆಯಲ್ಲಿ ಅಫೇಸಿಯಾ, ಅಂದರೆ ಮೆದುಳಿನ ಹಾನಿಯಿಂದ ಭಾಷಾಶಕ್ತಿ ಕುಂದುವ ಸ್ಥಿತಿಯನ್ನು, ಹೆಸರಿಸಿಯೇ ಸೇರಿಸಲಾಗಿದೆ. ಕೈಕಾಲು ಸರಿಯಿದ್ದು ಮಾತು ಮಾತ್ರ ಹೋದವರಿಗೂ ಅರ್ಜಿ ಸಲ್ಲಿಸುವ ಹಕ್ಕು ಇದೆ ಎಂಬುದು ಬಹಳ ಜನರಿಗೆ ತಿಳಿದಿಲ್ಲ.

ಕೇಂದ್ರ ಸರ್ಕಾರದ ಮೌಲ್ಯಮಾಪನ ಮಾರ್ಗಸೂಚಿಗಳ ಪ್ರಕಾರ, ನರಸಂಬಂಧಿ ಕಾಯಿಲೆಗಳಲ್ಲಿ ಸಾಮಾನ್ಯವಾಗಿ ಕಾಯಿಲೆ ಆರಂಭವಾಗಿ ಆರು ತಿಂಗಳು ಕಳೆದ ನಂತರ ಅಂಗವಿಕಲತೆಯ ಪ್ರಮಾಣವನ್ನು ಅಳೆಯಲಾಗುತ್ತದೆ. ನಿಖರವಾದ ಅವಧಿಯನ್ನು ಪರೀಕ್ಷಿಸುವ ವೈದ್ಯರು ನಿರ್ಧರಿಸುತ್ತಾರೆ. ಮುಂದೆಯೂ ಸ್ಥಿತಿ ಬದಲಾಗುವ ಸಂಭವ ಕಂಡುಬಂದಲ್ಲಿ, ನಿಗದಿತ ಅವಧಿಗೆ ಮಾತ್ರ ಮಾನ್ಯವಾಗಿರುವ ತಾತ್ಕಾಲಿಕ ಪ್ರಮಾಣಪತ್ರ ನೀಡಲು ಅವಕಾಶವಿರುತ್ತದೆ. ಮೊದಲ ವಾರಗಳಲ್ಲಿ ಅಳೆದ ಶೇಕಡಾವಾರು ಪ್ರಮಾಣ ಮೂರನೆಯ ತಿಂಗಳಿಗೇ ಸುಳ್ಳಾಗಬಹುದು. ಮೆದುಳು ಆ ಅವಧಿಯಲ್ಲಿ ಅಷ್ಟೊಂದು ಬದಲಾಗುತ್ತಿರುತ್ತದೆ.

ಮೆದುಳು ಬದಲಾಗುವ ಬಗೆ

ವಯಸ್ಕ ಮನುಷ್ಯನ ಮೆದುಳು ಸುಮಾರು 1.3 ರಿಂದ 1.4 ಕಿಲೋಗ್ರಾಂ ತೂಗುತ್ತದೆ. ಅದರಲ್ಲಿ ಸುಮಾರು 8,600 ಕೋಟಿ ನರಕೋಶಗಳಿದ್ದು, ಒಂದೊಂದು ನರಕೋಶವೂ ಸಾವಿರಾರು ಸಂಪರ್ಕಗಳನ್ನು ಹೊಂದಿರುತ್ತದೆ. ಗಾಯಗೊಂಡ ಚರ್ಮದಲ್ಲಿ ಹೊಸ ಕೋಶಗಳು ಹುಟ್ಟಿ ಜಾಗ ತುಂಬುವಂತೆ ಮೆದುಳಿನಲ್ಲಿ ಆಗುವುದಿಲ್ಲ; ಸತ್ತ ನರಕೋಶ ಸತ್ತಂತೆಯೇ. ಸ್ಪೇನ್ ದೇಶದ ವಿಜ್ಞಾನಿ ಸಾಂಟಿಯಾಗೊ ರಾಮೋನ್ ಇ ಕಹಾಲ್ ಅವರು 20ನೇ ಶತಮಾನದ ಆರಂಭದಲ್ಲಿ ವಯಸ್ಕರ ನರಮಾರ್ಗಗಳು ಸ್ಥಿರವಾದವು, ಬದಲಾಗದವು ಎಂದು ಬರೆದಿದ್ದರು. ಬಹಳ ಕಾಲ ವೈದ್ಯಲೋಕವೂ ಹಾಗೆಯೇ ನಂಬಿತ್ತು. ಆದರೆ ಉಳಿದ ಕೋಶಗಳ ನಡುವಿನ ಸಂಪರ್ಕಗಳು ಜೀವನದುದ್ದಕ್ಕೂ ಬದಲಾಗುತ್ತವೆ ಎಂಬುದು ನಂತರದ ಸಂಶೋಧನೆಗಳಿಂದ ಸಿದ್ಧವಾಗಿದೆ. ಪದೇ ಪದೇ ಬಳಸಿದ ಸಂಪರ್ಕ ಬಲಗೊಳ್ಳುತ್ತದೆ, ಬಳಸದೆ ಬಿಟ್ಟದ್ದು ಸೊರಗುತ್ತದೆ. ಕಾಡಿನ ಕಾಲುದಾರಿಯಲ್ಲಿ ಜನ ಓಡಾಡುತ್ತಿದ್ದರೆ ದಾರಿ ಉಳಿಯುತ್ತದೆ, ಒಂದು ಮಳೆಗಾಲ ಯಾರೂ ನಡೆಯದಿದ್ದರೆ ಗಿಡಗಂಟಿ ಬೆಳೆದು ಮುಚ್ಚಿಹೋಗುತ್ತದೆ. ಮಲೆನಾಡಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಲಂಡನ್ ನಗರದ ಟ್ಯಾಕ್ಸಿ ಚಾಲಕರು ಪರವಾನಗಿ ಪಡೆಯಲು ಸಾವಿರಾರು ಬೀದಿಗಳನ್ನು ಬಾಯಿಪಾಠ ಮಾಡಬೇಕಾಗುತ್ತದೆ. 2011 ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ತರಬೇತಿಗೆ ಮೊದಲು ಮತ್ತು ವರ್ಷಗಳ ನಂತರ ಅವರ ಮೆದುಳಿನ ಚಿತ್ರ ತೆಗೆಯಲಾಯಿತು. ಪರೀಕ್ಷೆಯಲ್ಲಿ ಉತ್ತೀರ್ಣರಾದವರಲ್ಲಿ, ದಾರಿಯ ನೆನಪಿಗೆ ಸಂಬಂಧಿಸಿದ ಹಿಪ್ಪೊಕ್ಯಾಂಪಸ್ ಎಂಬ ಭಾಗದ ಹಿಂಬದಿ ಬೆಳೆದಿತ್ತು. ಉತ್ತೀರ್ಣರಾಗದವರಲ್ಲಿ ಆ ಬೆಳವಣಿಗೆ ಕಾಣಲಿಲ್ಲ.

ದೀರ್ಘ ಅಭ್ಯಾಸದಿಂದ ಬರುವ ಇಂತಹ ಸಾಮರ್ಥ್ಯಕ್ಕೆ ಲಂಡನ್ನಿಗೇ ಹೋಗಬೇಕೆಂದಿಲ್ಲ. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ಪದ್ಮಶ್ರೀ ತುಳಸಿ ಗೌಡ ಅವರು (ನಿಧನ: 16-12-2024) ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ದಶಕಗಳ ಕಾಲ ದುಡಿದು, ಯಾವ ಜಾತಿಯ ಬೀಜವನ್ನು ಯಾವ ತಾಯಿಮರದಿಂದ, ಯಾವ ಸಮಯದಲ್ಲಿ ಆರಿಸಬೇಕೆಂಬುದನ್ನು ನೋಡಿದೊಡನೆ ಹೇಳಬಲ್ಲವರಾಗಿದ್ದರು. ಬಡಿಗೇರಿಯ ಪದ್ಮಶ್ರೀ ಸುಕ್ರಿ ಬೊಮ್ಮಗೌಡ ಅವರು (ನಿಧನ: 13-02-2025) ಹಾಲಕ್ಕಿ ಸಮುದಾಯದ ಸಾವಿರಾರು ಹಾಡುಗಳನ್ನು ಬರಹದ ನೆರವಿಲ್ಲದೆ ನೆನಪಿನಲ್ಲಿ ಇರಿಸಿಕೊಂಡಿದ್ದರು. ಇವರ ಮೆದುಳಿನ ಚಿತ್ರವನ್ನು ಯಾರೂ ಅಧ್ಯಯನ ಮಾಡಿದ್ದಲ್ಲ. ಆದರೂ ಮಾಡಿದ್ದನ್ನೇ ಮತ್ತೆ ಮತ್ತೆ ಮಾಡುವುದರಿಂದ ಬರುವ ಈ ಬಗೆಯ ಕಲಿಕೆಯೇ, ಪೆಟ್ಟಾದ ಮೆದುಳು ಚೇತರಿಸಿಕೊಳ್ಳುವಾಗಲೂ ನೆರವಿಗೆ ಬರುತ್ತದೆ.

ಪೆಟ್ಟಿನ ನಂತರ ಚೇತರಿಕೆಗೆ ಎರಡು ಮೂಲಗಳಿವೆ. ಮೊದಲ ದಿನಗಳಲ್ಲಿ ಮೆದುಳಿನ ಊತ ಇಳಿಯುತ್ತದೆ, ರಕ್ತ ಸಂಚಾರ ಸುಧಾರಿಸುತ್ತದೆ, ಸಾಯದೆ ಸ್ತಬ್ಧವಾಗಿದ್ದ ಭಾಗಗಳು ಎಚ್ಚರಗೊಳ್ಳುತ್ತವೆ. ಇದು ಬಹುಮಟ್ಟಿಗೆ ತಾನಾಗಿಯೇ ಆಗುವಂಥದ್ದು. ಎರಡನೆಯದು, ಸತ್ತ ಭಾಗ ಮಾಡುತ್ತಿದ್ದ ಕೆಲಸವನ್ನು ಪಕ್ಕದ ಅಥವಾ ಎದುರು ಬದಿಯ ಭಾಗಗಳು ಕಲಿತುಕೊಳ್ಳುವುದು. ಇದು ತಾನಾಗಿ ಆಗುವುದಿಲ್ಲ. 1996 ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಕೈಯ ಚಲನೆಯನ್ನು ನಿಯಂತ್ರಿಸುವ ಮೆದುಳಿನ ಸಣ್ಣ ಭಾಗಕ್ಕೆ ಹಾನಿಯಾದ ಕೋತಿಗಳಿಗೆ ಆ ಕೈಯಿಂದಲೇ ಆಹಾರ ಹೆಕ್ಕುವ ಅಭ್ಯಾಸ ಮಾಡಿಸಲಾಯಿತು. ಅವುಗಳ ಮೆದುಳಿನಲ್ಲಿ ಕೈಗೆ ಮೀಸಲಾದ ಉಳಿದ ಪ್ರದೇಶ ಉಳಿದುಕೊಂಡಿತು, ಕೆಲವು ಪ್ರಾಣಿಗಳಲ್ಲಿ ನೆರೆಯ ಪ್ರದೇಶಕ್ಕೂ ಹರಡಿತು. ಅಭ್ಯಾಸವಿಲ್ಲದೆ ಬಿಟ್ಟ ಪ್ರಾಣಿಗಳಲ್ಲಿ, ಹಾನಿಯಾಗದೆ ಉಳಿದಿದ್ದ ಪ್ರದೇಶವೂ ಕುಗ್ಗಿತ್ತು.

ಮೊದಲ ಗಂಟೆಗಳು

ಕಲಿಯುವುದಕ್ಕೆ ಮೆದುಳಿನ ಭಾಗ ಉಳಿದಿರಬೇಕು. ದೊಡ್ಡ ರಕ್ತನಾಳ ಮುಚ್ಚಿದಾಗ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆ ಎಂದು ಅಂದಾಜಿಸಲಾಗಿದೆ. ಮುಖ ಒಂದು ಕಡೆ ಓರೆಯಾಗುವುದು, ಒಂದು ಕೈ ಎತ್ತಲು ಆಗದಿರುವುದು, ಮಾತು ತೊದಲುವುದು ಇವುಗಳಲ್ಲಿ ಒಂದೇ ಕಂಡರೂ ತಕ್ಷಣ 108 ಕ್ಕೆ ಕರೆ ಮಾಡತಕ್ಕದ್ದು. ರೋಗಿ ಸರಿಯಾಗಿದ್ದುದನ್ನು ಕೊನೆಯ ಬಾರಿ ನೋಡಿದ ಸಮಯವನ್ನು ಗುರುತಿಟ್ಟುಕೊಂಡು ವೈದ್ಯರಿಗೆ ತಿಳಿಸತಕ್ಕದ್ದು. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಿ.ಟಿ. ಸ್ಕ್ಯಾನ್ ಆದ ಮೇಲೆ, ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಒಳಗೆ ಮಾತ್ರ ನೀಡಬಹುದು.

ಈ ಜಿಲ್ಲೆಯಲ್ಲಿ ನಾಲ್ಕೂವರೆ ಗಂಟೆ ದೊಡ್ಡ ಅವಧಿಯಲ್ಲ. ಉನ್ನತ ಚಿಕಿತ್ಸೆಗಾಗಿ ಇಲ್ಲಿನ ಜನ ಗೋವಾದ ಬಾಂಬೋಳಿಗೆ, ಹುಬ್ಬಳ್ಳಿಗೆ, ಮಣಿಪಾಲ ಮತ್ತು ಮಂಗಳೂರಿಗೆ ಹೋಗುತ್ತಾರೆ. ಹುಬ್ಬಳ್ಳಿಯ ದಾರಿಯಲ್ಲಿ ಅರಬೈಲ್ ಘಟ್ಟವಿದೆ. 2024 ರ ಜುಲೈ 16 ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿಹೋದುದನ್ನೂ, ಅದೇ ವರ್ಷ ಆಗಸ್ಟ್ 7 ರಂದು ಕಾಳಿ ನದಿಯ ಹಳೆಯ ಸೇತುವೆ ಕುಸಿದುದನ್ನೂ ಯಾರೂ ಮರೆತಿಲ್ಲ. ಆದ್ದರಿಂದ ನೇರವಾಗಿ ದೂರದ ಊರಿಗೆ ಹೊರಡುವ ಮುನ್ನ, ಹತ್ತಿರದಲ್ಲಿ ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆ ಯಾವುದೆಂದು 108 ರ ಸಿಬ್ಬಂದಿಯನ್ನೇ ಕೇಳಿಕೊಳ್ಳುವುದು ಸೂಕ್ತ.

ಇದೇ ಸಂದರ್ಭದಲ್ಲಿ ಇನ್ನೊಂದು ವಿಷಯ. ಅಂಕೋಲಾದ ಬೆಳಂಬಾರವು ಲಕ್ವದ ನಾಟಿ ಔಷಧಕ್ಕಾಗಿ ದೂರದ ಜಿಲ್ಲೆಗಳವರಿಗೂ ಪರಿಚಿತವಾದ ಊರು. ಅಲ್ಲಿಗೆ ಹೋಗುವುದು ಬಿಡುವುದು ಅವರವರ ನಂಬಿಕೆಗೆ ಸೇರಿದ್ದು. ಆದರೆ ಯಾವುದೇ ನಾಟಿ ಔಷಧಕ್ಕಾಗಿ ಮೊದಲ ಗಂಟೆಗಳನ್ನು ಕಳೆಯಬಾರದು. ರಕ್ತದೊತ್ತಡ, ಮಧುಮೇಹ ಮತ್ತು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಎಣ್ಣೆ ಹಚ್ಚಿ ನೀವುವುದರಿಂದ ರೋಗಿಗೆ ಹಿತವೆನಿಸಬಹುದು. ಆದರೆ ಬೇರೆಯವರು ನೀವಿದ ಕೈಯಿಂದ ಮೆದುಳು ಹೊಸ ಕೆಲಸ ಕಲಿಯುವುದಿಲ್ಲ. ರೋಗಿ ತಾನಾಗಿ ಎತ್ತಲು ಯತ್ನಿಸಿದ ಕೈಯಿಂದ ಕಲಿಯುತ್ತದೆ.

ಬಳಸದೆ ಬಿಟ್ಟ ಕೈ

ಆಸ್ಪತ್ರೆಯಿಂದ ಮನೆಗೆ ಬಂದ ರೋಗಿಗೆ ನಮ್ಮ ಮನೆಗಳಲ್ಲಿ ದೊರೆಯುವ ಆರೈಕೆ ಪ್ರೀತಿಯದ್ದು. ಊಟವನ್ನು ತಾಯಿಯೋ ಸೊಸೆಯೋ ತಿನ್ನಿಸುತ್ತಾರೆ, ಅಂಗಿಯನ್ನು ಮಗ ತೊಡಿಸುತ್ತಾನೆ, ನೀರಿನ ಲೋಟವನ್ನು ಮೊಮ್ಮಗಳು ತುಟಿಗೆ ಹಿಡಿಯುತ್ತಾಳೆ. "ಪಾಪ, ಅವರಿಂದ ಆಗುವುದಿಲ್ಲ" ಎಂಬ ಮಾತು ದಿನಕ್ಕೆ ಹತ್ತು ಬಾರಿ ರೋಗಿಯ ಕಿವಿಗೆ ಬೀಳುತ್ತದೆ. ಹೀಗೆ ಮೂರು ತಿಂಗಳು ಕಳೆದರೆ, ಕೈಯಲ್ಲಿ ಉಳಿದಿದ್ದ ಅಲ್ಪ ಶಕ್ತಿಯನ್ನೂ ಬಳಸುವುದು ಮೆದುಳಿಗೆ ಮರೆತುಹೋಗುತ್ತದೆ. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟಾಬ್ ಅವರು ಇದನ್ನು ಕಲಿತ ನಿರುಪಯೋಗವೆಂದು ಗುರುತಿಸಿದರು. ಬಲಹೀನವಾದ ಕೈಯನ್ನು ಬಳಸಲು ಹೋಗಿ ಸೋತ ರೋಗಿ, ಒಳ್ಳೆಯ ಕೈಯಿಂದಲೇ ಎಲ್ಲವನ್ನೂ ನಿಭಾಯಿಸಲು ಕಲಿಯುತ್ತಾನೆ. ಸುಧಾರಿಸಬಹುದಾಗಿದ್ದ ಕೈ ಹಾಗೆಯೇ ಉಳಿಯುತ್ತದೆ.

ಇದಕ್ಕೆ ಅವರು ಸೂಚಿಸಿದ ಚಿಕಿತ್ಸೆ ಸರಳ, ಆದರೆ ಸಹನೆ ಬೇಡುವಂಥದ್ದು. ಒಳ್ಳೆಯ ಕೈಗೆ ದಪ್ಪ ಕೈಗವಸು ತೊಡಿಸಿ, ದುರ್ಬಲ ಕೈಯಿಂದಲೇ ಕೆಲಸ ಮಾಡಿಸುವುದು. 2006 ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಪಾರ್ಶ್ವವಾಯುವಾಗಿ 3 ರಿಂದ 9 ತಿಂಗಳಾಗಿದ್ದ 222 ರೋಗಿಗಳನ್ನು ಸೇರಿಸಲಾಗಿತ್ತು. ಎರಡು ವಾರಗಳ ಈ ಚಿಕಿತ್ಸೆ ಪಡೆದವರ ಕೈಬಳಕೆಯಲ್ಲಿ ಕಂಡ ಸುಧಾರಣೆ ಒಂದು ವರ್ಷದ ನಂತರವೂ ಉಳಿದಿತ್ತು. ಕೈ ಸಂಪೂರ್ಣ ನಿಶ್ಚಲವಾಗಿರುವವರಿಗೆ ಇದು ಅನ್ವಯಿಸುವುದಿಲ್ಲ. ಮಣಿಕಟ್ಟು ಮತ್ತು ಬೆರಳುಗಳಲ್ಲಿ ಸ್ವಲ್ಪವಾದರೂ ಚಲನೆ ಇರಬೇಕು. ವ್ಯಾಯಾಮ ಚಿಕಿತ್ಸಕರ (ಫಿಸಿಯೋಥೆರಪಿಸ್ಟ್) ಸಲಹೆಯಿಲ್ಲದೆ ಮನೆಯಲ್ಲಿಯೇ ಇದನ್ನು ಆರಂಭಿಸಬಾರದು.

ಅಭ್ಯಾಸದ ಪ್ರಮಾಣದ ವಿಷಯದಲ್ಲಿ ಹೆಚ್ಚಿನವರ ಅಂದಾಜು ತಪ್ಪಾಗಿರುತ್ತದೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಒಂದೇ ಚಲನೆಯನ್ನು ದಿನಕ್ಕೆ ನೂರಾರು ಬಾರಿ ಮಾಡಿಸಲಾಗುತ್ತದೆ. ಅಮೆರಿಕ ಮತ್ತು ಕೆನಡಾದ ಚಿಕಿತ್ಸಾ ಕೇಂದ್ರಗಳಲ್ಲಿ ಎಣಿಸಿ 2009 ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಒಂದು ಅವಧಿಯಲ್ಲಿ ರೋಗಿ ಕೈಯಿಂದ ಮಾಡಿದ ಉಪಯುಕ್ತ ಚಲನೆಗಳು ಸರಾಸರಿ 32 ಮಾತ್ರ. ವಾರಕ್ಕೊಮ್ಮೆ ಕಾರವಾರಕ್ಕೆ ಬಂದು ಅರ್ಧ ಗಂಟೆ ವ್ಯಾಯಾಮ ಮಾಡಿ ಹೋದರೆ ಸಾಕೆಂಬ ಭಾವನೆ ಏಕೆ ಸರಿಯಲ್ಲವೆಂಬುದು ಇದರಿಂದ ತಿಳಿಯುತ್ತದೆ. ಉಳಿದ ಆರು ದಿನ ಮನೆಯಲ್ಲಿ ಅಭ್ಯಾಸ ನಡೆಯಬೇಕು. ಅದಕ್ಕೆ ದುಬಾರಿ ಉಪಕರಣ ಬೇಕಾಗಿಲ್ಲ. ರೋಗಿಗೆ ಮೊದಲೇ ಗೊತ್ತಿದ್ದ, ಅವರಿಗೆ ಅರ್ಥವಿರುವ ಕೆಲಸವೇ ಉತ್ತಮ: ಮೀನುಗಾರರಿಗೆ ಬಲೆಯ ಗಂಟು ಹಾಕುವುದು, ಉಳಿದವರಿಗೆ ಶೇಂಗಾ ಸುಲಿಯುವುದು, ಹೂವು ಕಟ್ಟುವುದು, ಮೊರದಲ್ಲಿ ಅಕ್ಕಿ ಆರಿಸುವುದು. ಸುಲಭವಾದುದರಿಂದ ಆರಂಭಿಸಿ, ಸ್ವಲ್ಪ ಕಷ್ಟವಾಗುವ ಮಟ್ಟಕ್ಕೆ ದಿನದಿನಕ್ಕೆ ಏರಿಸತಕ್ಕದ್ದು. ಲೋಟ ಬೀಳಲಿ, ಅನ್ನ ಚೆಲ್ಲಲಿ, ಕೈಹಿಡಿಯಲು ಅವಸರಪಡಬಾರದು. ಕತ್ತಿ, ಒಲೆ, ಬಾವಿಕಟ್ಟೆಗಳಿಂದ ಮಾತ್ರ ದೂರವಿರಿಸತಕ್ಕದ್ದು.

ಎರಡು ಎಚ್ಚರಿಕೆಗಳನ್ನೂ ಹೇಳಬೇಕಾಗಿದೆ. ಮೊದಲ 24 ಗಂಟೆಯಲ್ಲಿಯೇ ರೋಗಿಯನ್ನು ಹಾಸಿಗೆಯಿಂದ ಎಬ್ಬಿಸಿ ಹೆಚ್ಚು ಹೊತ್ತು ನಡೆದಾಡಿಸುವುದರಿಂದ ಫಲಿತಾಂಶ ಉತ್ತಮವಾಗುವ ಬದಲು ಸ್ವಲ್ಪ ಕೆಡುತ್ತದೆ ಎಂದು 2015 ರ ಅಂತರರಾಷ್ಟ್ರೀಯ ಅಧ್ಯಯನವೊಂದು ತೋರಿಸಿದೆ. ಆರಂಭದ ವೇಗವನ್ನು ಆಸ್ಪತ್ರೆಯವರೇ ನಿರ್ಧರಿಸಲಿ. ಎರಡನೆಯದಾಗಿ, ಭಾರತದ 14 ಆಸ್ಪತ್ರೆಗಳ 1,250 ರೋಗಿಗಳನ್ನು ಒಳಗೊಂಡು 2017 ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮನೆಯವರೊಬ್ಬರಿಗೆ ತರಬೇತಿ ನೀಡಿ ಅವರಿಂದಲೇ ಪುನಶ್ಚೇತನ ಮಾಡಿಸಲಾಯಿತು. ಆರು ತಿಂಗಳ ನಂತರ ನೋಡಿದಾಗ, ಸಾಮಾನ್ಯ ಆರೈಕೆ ಪಡೆದವರಿಗಿಂತ ಇವರ ಸ್ಥಿತಿ ಉತ್ತಮವಾಗಿರಲಿಲ್ಲ. ಈ ಫಲಿತಾಂಶ ನಿರಾಶಾದಾಯಕವೆಂದು ಅದನ್ನು ಮುಚ್ಚಿಡುವುದು ಸರಿಯಲ್ಲ. ಮನೆಯವರ ಶ್ರಮ ಚಿಕಿತ್ಸಕರಿಗೆ ಬದಲಿಯಾಗಲಾರದು. ಆಗಾಗ ತೋರಿಸಿ, ಅಭ್ಯಾಸವನ್ನು ತಿದ್ದಿಸಿಕೊಂಡು ಮುಂದುವರಿಯಬೇಕೆಂಬ ಸೂಚನೆ ಅದಕ್ಕಾಗಿಯೇ.

ಮಾತು ಹೋದವರ ವಿಷಯ

ಕಾರವಾರದ ಅನೇಕ ಮನೆಗಳಲ್ಲಿ ಕೊಂಕಣಿ, ಶಾಲೆ ಮತ್ತು ಕಚೇರಿಯಲ್ಲಿ ಕನ್ನಡ, ಹಿರಿಯರಲ್ಲಿ ಕೆಲವರಿಗೆ ಮರಾಠಿ ಬಳಕೆಯಲ್ಲಿದೆ. ಅಫೇಸಿಯಾ ಆದಾಗ ಎಲ್ಲ ಭಾಷೆಗಳೂ ಒಂದೇ ಪ್ರಮಾಣದಲ್ಲಿ ಹೋಗಬೇಕೆಂದಿಲ್ಲ, ಒಂದೇ ಕ್ರಮದಲ್ಲಿ ಮರಳಬೇಕೆಂದೂ ಇಲ್ಲ. ಮನೆಯಲ್ಲಿ ಕೊಂಕಣಿಯ ನಾಲ್ಕು ಮಾತು ಆಡುವ ವ್ಯಕ್ತಿ ಆಸ್ಪತ್ರೆಯಲ್ಲಿ ಕನ್ನಡದ ಪ್ರಶ್ನೆಗೆ ಉತ್ತರಿಸದೆ ಇರಬಹುದು. ಆದ್ದರಿಂದ ಮಾತಿನ ಚಿಕಿತ್ಸೆಗಾಗಲಿ ಮೌಲ್ಯಮಾಪನಕ್ಕಾಗಲಿ ಬರುವಾಗ, ರೋಗಿ ಪೆಟ್ಟಾಗುವ ಮೊದಲು ಯಾವ ಭಾಷೆಗಳನ್ನು ಎಲ್ಲಿ ಬಳಸುತ್ತಿದ್ದರು ಎಂಬುದನ್ನು ಮನೆಯವರು ತಪ್ಪದೆ ತಿಳಿಸತಕ್ಕದ್ದು.

ಹಲವು ಭಾಷೆ ಬಲ್ಲವರಾಗಿರುವುದರಿಂದ ಒಂದು ಪ್ರಯೋಜನವೂ ಕಂಡುಬಂದಿದೆ. ಹೈದರಾಬಾದಿನಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 608 ಪಾರ್ಶ್ವವಾಯು ರೋಗಿಗಳನ್ನು ಪರಿಶೀಲಿಸಿ 2016 ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಾರ್ಶ್ವವಾಯುವಿನ ನಂತರವೂ ನೆನಪು, ಗಮನ ಮೊದಲಾದ ಬುದ್ಧಿಶಕ್ತಿಗಳು ಸಹಜವಾಗಿ ಉಳಿದವರ ಪ್ರಮಾಣ ಎರಡು ಭಾಷೆ ಬಲ್ಲವರಲ್ಲಿ ಶೇ. 40.5 ಇದ್ದರೆ, ಒಂದೇ ಭಾಷೆಯವರಲ್ಲಿ ಶೇ. 19.6 ಇತ್ತು. ಆದರೆ ಅಫೇಸಿಯಾ ಬರುವ ಪ್ರಮಾಣದಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ.

ಮಾತನಾಡಲು ಆಗದ ಕೆಲವರು ಪರಿಚಿತ ಭಜನೆಯನ್ನೋ ಸುಗ್ಗಿಯ ಹಾಡನ್ನೋ ಪದಸಹಿತ ಹಾಡಬಲ್ಲರು. ಮನೆಯವರಿಗೆ ಇದು ಆಶ್ಚರ್ಯವೆನಿಸಿ, ರೋಗಿ ಬೇಕೆಂದೇ ಮಾತನಾಡುತ್ತಿಲ್ಲವೆಂಬ ಅನುಮಾನ ಬರುವುದೂ ಉಂಟು. ಅನುಮಾನಕ್ಕೆ ಕಾರಣವಿಲ್ಲ. ಭಾಷೆಗೆ ಮುಖ್ಯವಾಗಿ ಎಡ ಮೆದುಳು ಬೇಕು, ರಾಗಕ್ಕೆ ಬಲ ಮೆದುಳಿನ ನೆರವೂ ಸಿಗುತ್ತದೆ. ರಾಗದ ಮೂಲಕ ಮಾತು ಕಲಿಸುವ ಚಿಕಿತ್ಸೆ 1970 ರ ದಶಕದಿಂದ ಬಳಕೆಯಲ್ಲಿದೆ. ಎಲ್ಲರಿಗೂ ಅದರಿಂದ ಗುಣವಾಗುತ್ತದೆಂದು ಹೇಳಲಾಗದು. ಹಾಡಿಸುವುದರಿಂದ ನಷ್ಟವಂತೂ ಇಲ್ಲ. ಮಾತಿನ ತೊಂದರೆಗಳ ಪರೀಕ್ಷೆ ಮತ್ತು ಚಿಕಿತ್ಸೆಯಲ್ಲಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965 ರಿಂದ ಕಾರ್ಯನಿರತವಾಗಿದೆ.

ತಲೆಗೆ ಪೆಟ್ಟಾದವರಲ್ಲಿ, ಮುಖ್ಯವಾಗಿ ದ್ವಿಚಕ್ರ ವಾಹನ ಅಪಘಾತಕ್ಕೆ ಸಿಕ್ಕ ಯುವಕರಲ್ಲಿ, ಕೈಕಾಲು ನೆಟ್ಟಗಿದ್ದರೂ ಸಿಡುಕು, ಮರೆವು, ಬೇಗ ದಣಿಯುವುದು ಉಳಿಯಬಹುದು. ಇದನ್ನು ಸೋಮಾರಿತನವೆಂದು ಬೈಯುವುದು ತಪ್ಪು. ಪಾರ್ಶ್ವವಾಯುವಿನ ನಂತರ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ, ಖಿನ್ನರಾದವರು ಅಭ್ಯಾಸವನ್ನೂ ಕೈಬಿಡುತ್ತಾರೆ. ಉಚಿತ ಸಲಹೆಗಾಗಿ ಟೆಲಿ ಮಾನಸ್ ಸಹಾಯವಾಣಿ 14416 ಕ್ಕೆ ಕರೆ ಮಾಡಬಹುದಾಗಿದೆ.

ಶೇಕಡಾ ಪ್ರಮಾಣದ ಆತಂಕ

ಬಹುತೇಕ ಸೌಲಭ್ಯಗಳಿಗೆ ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವಿಕಲತೆ ಇರಬೇಕೆಂಬ ನಿಯಮವಿದೆ. ಆದ್ದರಿಂದ ಚೇತರಿಸಿಕೊಂಡರೆ ಪ್ರಮಾಣ ಕಡಿಮೆಯಾಗಿ ಮಾಸಾಶನ ತಪ್ಪಬಹುದೆಂಬ ಆತಂಕ ಬಡ ಕುಟುಂಬಗಳಲ್ಲಿ ಮೂಡಿದರೆ ಅದನ್ನು ಹಗುರವಾಗಿ ಕಾಣುವಂತಿಲ್ಲ. ದುಡಿಯುವ ಕೈಯೇ ಬಿದ್ದಿರುವ ಮನೆಗೆ ತಿಂಗಳ ಆ ಹಣ ಆಧಾರ. ಆದರೂ ಮೌಲ್ಯಮಾಪನ ಮುಗಿಯುವವರೆಗೆ ವ್ಯಾಯಾಮ ತಡೆಹಿಡಿಯುವುದು ಅಪಾಯಕರ. ಚಲನೆಯ ಸುಧಾರಣೆಯ ಬಹುಪಾಲು ಮೊದಲ ಮೂರು ತಿಂಗಳಲ್ಲಿ ಆಗುತ್ತದೆ. ನಂತರವೂ ಸುಧಾರಣೆ ನಿಲ್ಲುವುದಿಲ್ಲ, ವೇಗ ಮಾತ್ರ ತಗ್ಗುತ್ತದೆ. ಪ್ರಮಾಣಪತ್ರಕ್ಕಾಗಿ ಇನ್ನೊಮ್ಮೆ ಅರ್ಜಿ ಹಾಕಬಹುದು, ಕಳೆದುಹೋದ ಆ ಮೂರು ತಿಂಗಳನ್ನು ಮರಳಿ ಪಡೆಯಲಾಗದು.

ಅರ್ಜಿ ಸಲ್ಲಿಸುವವರಿಗೆ

ವಿಶಿಷ್ಟ ಗುರುತಿನ ಚೀಟಿಗಾಗಿ (ಯು.ಡಿ.ಐ.ಡಿ.) ಸ್ವಾವಲಂಬನ್ ಜಾಲತಾಣದ ಮೂಲಕ ಅರ್ಜಿ ಸಲ್ಲಿಸಬೇಕು. ಆಧಾರ್, ಭಾವಚಿತ್ರ ಹಾಗೂ ಚಿಕಿತ್ಸೆಯ ದಾಖಲೆಗಳು ಬೇಕಾಗುತ್ತವೆ. ಆಸ್ಪತ್ರೆಯ ಬಿಡುಗಡೆ ಪತ್ರ ಮತ್ತು ಸ್ಕ್ಯಾನ್ ವರದಿಗಳು ಮುಖ್ಯ. ಗೋವಾದಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ಚಿಕಿತ್ಸೆ ಪಡೆದವರು ಮೂಲ ಪ್ರತಿಗಳನ್ನು ಜೋಪಾನ ಮಾಡತಕ್ಕದ್ದು. ಕಾಯಿಲೆ ಆರಂಭವಾದ ದಿನಾಂಕ ಅವುಗಳಿಂದಲೇ ಸಾಬೀತಾಗುವುದು, ಆರು ತಿಂಗಳ ಎಣಿಕೆಯೂ ಅಲ್ಲಿಂದಲೇ. ರಸ್ತೆ ಅಪಘಾತದ ಗಾಯಾಳುಗಳಿಗೆ 2025 ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಅಧಿಸೂಚಿಸಿದ ಯೋಜನೆಯಡಿ, ನಿಗದಿತ ಆಸ್ಪತ್ರೆಗಳಲ್ಲಿ 7 ದಿನಗಳವರೆಗೆ ರೂ. 1.5 ಲಕ್ಷದ ಮಿತಿಯಲ್ಲಿ ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ.

ಪ್ರಮಾಣಪತ್ರ ದೊರೆತ ನಂತರ ಮಾಸಾಶನಕ್ಕಾಗಿ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬಹುದು. ರಿಯಾಯಿತಿ ಬಸ್ ಪಾಸನ್ನೂ ಪಡೆದುಕೊಂಡಲ್ಲಿ ಅಂಕೋಲಾದಿಂದ ಚಿಕಿತ್ಸೆಗಾಗಿ ಕಾರವಾರಕ್ಕೆ ಓಡಾಡುವ ವೆಚ್ಚ ತಗ್ಗುತ್ತದೆ. ಅರ್ಜಿ ತುಂಬಲು ತೊಂದರೆಯಿದ್ದವರು ತಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಸಂಪರ್ಕಿಸಬಹುದಾಗಿದೆ. ನಿಮ್ಹಾನ್ಸ್ ಸಹಯೋಗದೊಂದಿಗೆ 2022 ರಲ್ಲಿ ಆರಂಭವಾದ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮದ ಸೇವೆಗಳ ಬಗ್ಗೆ, ವ್ಯಾಯಾಮ ಚಿಕಿತ್ಸೆಯ ದಿನ ಮತ್ತು ಸಮಯದ ಬಗ್ಗೆ ಕಾರವಾರದ ಜಿಲ್ಲಾ ಆಸ್ಪತ್ರೆಯಲ್ಲಿ ಅಥವಾ ಅಂಕೋಲಾ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿಕೊಂಡು ಹೊರಡುವುದು ಒಳ್ಳೆಯದು. ಮೌಲ್ಯಮಾಪನದ ದಿನ ರೋಗಿಯೊಡನೆ ಅವರ ದಿನಚರಿ ಬಲ್ಲ ಮನೆಯವರೊಬ್ಬರು ಕಡ್ಡಾಯವಾಗಿ ಬರತಕ್ಕದ್ದು, ಅರ್ಜಿಯ ಸ್ವೀಕೃತಿ ಸಂಖ್ಯೆಯನ್ನು ಜೊತೆಗೆ ತರತಕ್ಕದ್ದು.